ಊರ ಚರ್ಚಿನ ಪಕ್ಕ ಒಂದು ಸಮುದಾಯ ಭವನ: ಹಣದ ದಾರಿ ಮತ್ತು ಒಡೆತನದ ಪ್ರಶ್ನೆ

ಹಳ್ಳಿಯ ಹಳೆಯ ಚರ್ಚೊಂದರ ಪಕ್ಕದಲ್ಲಿ ಸಮುದಾಯ ಭವನ ಕಟ್ಟುವ ಕೆಲಸವು ಮೇಲ್ನೋಟಕ್ಕೆ ಇಟ್ಟಿಗೆ, ಸಿಮೆಂಟು, ಕಬ್ಬಿಣದ ಲೆಕ್ಕದಂತೆ ಕಂಡರೂ, ಅದಕ್ಕೆ ಬೇಕಾದ ಹಣ ಯಾರಿಂದ, ಯಾವ ರೂಪದಲ್ಲಿ, ಯಾವ ಮಾತಿನ ಮೇಲೆ ಬಂತು ಎಂಬುದೇ ಮುಂದೆ ಆ ಭವನ ಯಾರದಾಗಿ ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ಒಬ್ಬ ದಾನಿಯ ಹಣದಿಂದ ಬೇಗ ಎದ್ದುನಿಂತ ಭವನವು ಆ ದಾನಿಯ ಹೆಸರಿನ ಕಟ್ಟಡವಾಗುವ ಸಾಧ್ಯತೆ ಇರುತ್ತದೆ. ಊರಿನ ಪ್ರತಿ ಮನೆಯೂ ತನ್ನ ಶಕ್ತಿಗೆ ತಕ್ಕಷ್ಟು ಸೇರಿಸಿ ನಿಧಾನವಾಗಿ ಕಟ್ಟಿದ ಭವನವನ್ನು ಊರು ತನ್ನದೆಂದು ಕಾಯುತ್ತದೆ. ತೆಲಂಗಾಣದ ಗ್ರಾಮೀಣ ಚರ್ಚುಗಳ ಇತಿಹಾಸದಲ್ಲಿ ಈ ಎರಡೂ ಬಗೆಯ ಪಾಠಗಳು ಇರುವುದರಿಂದ, ಇಂದು ಇಂತಹ ಕೆಲಸಕ್ಕೆ ಕೈಹಾಕುವವರು ಆ ಇತಿಹಾಸವನ್ನೂ, ಈಗ ಜಾರಿಯಲ್ಲಿರುವ ಕಾನೂನುಗಳನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಬೇಕಾಗುತ್ತದೆ.

ಇಂತಹ ಭವನ ಏಕೆ ಬೇಕೆಂಬುದು ನಗರವನ್ನೂ ಹಳ್ಳಿಯನ್ನೂ ಹೋಲಿಸಿದಾಗ ತಿಳಿಯುತ್ತದೆ. ಹೈದರಾಬಾದಿನಿಂದ ವಿಜಯವಾಡದ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ದಿಲ್‌ಸುಖ್‌ನಗರವು ಕೋಚಿಂಗ್ ಕೇಂದ್ರಗಳಿಗೂ, ಹಾಸ್ಟೆಲುಗಳಿಗೂ, ಬಟ್ಟೆ ಅಂಗಡಿಗಳಿಗೂ ಹೆಸರಾದ ಬಡಾವಣೆ. ನಲ್ಗೊಂಡ, ಖಮ್ಮಂ, ಮಹಬೂಬ್‌ನಗರ ಮುಂತಾದ ಕಡೆಗಳಿಂದ ಓದಿಗಾಗಿಯೂ ಕೆಲಸಕ್ಕಾಗಿಯೂ ಬಂದವರು ಇಲ್ಲಿ ನೆಲೆಸಿದ್ದು, ಅವರಲ್ಲಿ ಹಳ್ಳಿಯ ಚರ್ಚುಗಳಲ್ಲಿ ದೀಕ್ಷಾಸ್ನಾನ ಪಡೆದು ಬೆಳೆದವರೂ ಇದ್ದಾರೆ. ಇಂತಹ ಬಡಾವಣೆಯಲ್ಲಿ ಮದುವೆ, ನಾಮಕರಣ, ನಿಶ್ಚಿತಾರ್ಥಗಳೆಲ್ಲ ದಿನದ ಬಾಡಿಗೆಗೆ ಸಿಗುವ ಫಂಕ್ಷನ್ ಹಾಲ್‌ಗಳಲ್ಲಿ ನಡೆಯುತ್ತವೆ. ಹಣವಿದ್ದವರಿಗೆ ಜಾಗದ ಕೊರತೆಯಿಲ್ಲ. ಹಳ್ಳಿಯ ಸ್ಥಿತಿ ಬೇರೆ. ಅಲ್ಲಿ ಮಳೆಗಾಲದ ಮದುವೆಯೂ, ಮಕ್ಕಳ ಸಂಜೆಯ ಪಾಠವೂ, ಸಾವಿನ ಮನೆಗೆ ದೂರದಿಂದ ಬಂದವರ ಊಟವೂ ಚರ್ಚಿನ ಒಳಗೆ ಅಥವಾ ಅದರ ಅಂಗಳದ ಶಾಮಿಯಾನದ ಕೆಳಗೆ ನಡೆಯಬೇಕಾಗುತ್ತದೆ. ಆರಾಧನೆಗೆಂದು ಕಟ್ಟಿದ ಹಳೆಯ ಕಟ್ಟಡದ ಮೇಲೆ ಈ ಎಲ್ಲ ಭಾರವೂ ಬೀಳುವುದರಿಂದಲೇ ಪಕ್ಕದಲ್ಲಿ ಮತ್ತೊಂದು ಕಟ್ಟಡ ಬೇಕೆಂಬ ಬೇಡಿಕೆ ಹುಟ್ಟುತ್ತದೆ.

ಈ ಬೇಡಿಕೆಯ ಹಿಂದೆ ಸಾಮಾಜಿಕ ಕಾರಣವೊಂದಿದೆ. ತೆಲುಗು ನಾಡಿನ ಗ್ರಾಮೀಣ ಕ್ರೈಸ್ತರಲ್ಲಿ ಬಹುಪಾಲು ಜನ ಮಾಲ ಮತ್ತು ಮಾದಿಗ ಸಮುದಾಯಗಳ ಹಿನ್ನೆಲೆಯವರು. 1950ರ ಪರಿಶಿಷ್ಟ ಜಾತಿಗಳ ಆದೇಶವು ಮೊದಲು ಹಿಂದೂಗಳಿಗೆ ಸೀಮಿತವಾಗಿದ್ದು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರು ಅದರ ಹೊರಗೇ ಉಳಿದರು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪಟ್ಟಿಯ ‘ಸಿ’ ಗುಂಪಿನಲ್ಲಿ ಇರಿಸಲಾಗಿದೆ. ಹೀಗಾಗಿ ಪರಿಶಿಷ್ಟ ಜಾತಿಗಳ ಹೆಸರಿನಲ್ಲಿ ಮಂಜೂರಾಗುವ ಸೌಲಭ್ಯಗಳ ಮೇಲೆ ದಾಖಲೆಯ ಪ್ರಕಾರ ಹಕ್ಕಿಲ್ಲದ, ಊರಿನ ಮೇಲ್ಜಾತಿಯ ಕೇರಿಯ ಕಲ್ಯಾಣ ಮಂಟಪದಲ್ಲಿ ಸಂಕೋಚವಿಲ್ಲದೆ ಕಾಲಿಡಲಾಗದ ಕುಟುಂಬಕ್ಕೆ, ಚರ್ಚಿನ ಪಕ್ಕದ ಭವನವೆಂದರೆ ಬಾಡಿಗೆ ಉಳಿಸುವ ಅನುಕೂಲಕ್ಕಿಂತ ದೊಡ್ಡ ಸಂಗತಿ. ಅತಿಥಿಗಳನ್ನು ತಲೆಯೆತ್ತಿ ಬರಮಾಡಿಕೊಳ್ಳುವ ಒಂದು ಸ್ವಂತ ಬಾಗಿಲು ಅದರಿಂದ ಸಿಗುತ್ತದೆ.

ಮೇದಕ್: ಕ್ಷಾಮದ ನಡುವೆ ಎದ್ದ ಚರ್ಚು

ಹೈದರಾಬಾದಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಮೇದಕ್ ಕೆಥೆಡ್ರಲ್, ಅಂದರೆ ಬಿಷಪ್ಪರ ಪೀಠವಿರುವ ಪ್ರಧಾನ ಚರ್ಚು, ಈ ವಿಷಯದಲ್ಲಿ ಮೊದಲು ನೋಡಬೇಕಾದ ಕಟ್ಟಡ. ವೆಸ್ಲಿಯನ್ ಮೆಥಡಿಸ್ಟ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ 19ನೇ ಶತಮಾನದ ಕೊನೆಯಲ್ಲಿ ಸಿಕಂದರಾಬಾದಿನ ಬ್ರಿಟಿಷ್ ಸೈನಿಕರ ನಡುವಿನ ಸೇವೆಯನ್ನು ಬಿಟ್ಟು ನಿಜಾಮರ ಸಂಸ್ಥಾನದ ಈ ಹಳ್ಳಿಗಾಡಿಗೆ ಬಂದು ನೆಲೆಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಮೇದಕ್ ಸೀಮೆಯನ್ನು ಬರ ಮತ್ತು ಹಸಿವು ಕಾಡಿದಾಗ, ಧಾನ್ಯವನ್ನು ಬರಿದೇ ಹಂಚುವುದಕ್ಕಿಂತ ಹಸಿದವರಿಗೆ ಕೆಲಸ ಕೊಟ್ಟು ಕೂಲಿಯ ರೂಪದಲ್ಲಿ ಅನ್ನ ದೊರಕಿಸುವುದು ಅವರ ಘನತೆಗೆ ತಕ್ಕದ್ದೆಂದು ಪಾಸ್ನೆಟ್ ಭಾವಿಸಿದರು. ಆ ಕೆಲಸವೇ ಚರ್ಚಿನ ನಿರ್ಮಾಣವಾಯಿತು. ವಾಸ್ತುಶಿಲ್ಪಿ ಥಾಮಸ್ ಎಡ್ವರ್ಡ್ ಹಾರ್ಡಿಂಗ್ ನಕ್ಷೆ ಸಿದ್ಧಪಡಿಸಿದ, 200 ಅಡಿ ಉದ್ದ, 100 ಅಡಿ ಅಗಲ ಹಾಗೂ 175 ಅಡಿ ಎತ್ತರದ ಗಂಟೆಗೋಪುರವುಳ್ಳ ಈ ಕಟ್ಟಡ 1924ರ ಡಿಸೆಂಬರ್ 25ರಂದು ಪ್ರತಿಷ್ಠಾಪನೆಗೊಂಡಿತು. ಇಂಗ್ಲೆಂಡಿನ ಕಲಾವಿದ ಫ್ರಾಂಕ್ ಸಾಲ್ಸ್‌ಬರಿಯ ಬಣ್ಣದ ಗಾಜಿನ ಕಿಟಕಿಗಳು ಆ ನಂತರದ ದಶಕಗಳಲ್ಲಿ ಒಂದೊಂದಾಗಿ ಸೇರಿದವು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಇದು ಮೇದಕ್ ಸಭಾಪ್ರಾಂತದ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶದ, ಕೆಥೆಡ್ರಲ್ ಆಯಿತು. 2024ರಲ್ಲಿ ಇದರ ಶತಮಾನೋತ್ಸವವೂ ನಡೆಯಿತು.

ಮೇದಕ್‌ನ ಕತೆಯಲ್ಲಿ ಹಣ ಮತ್ತು ದುಡಿಮೆಯ ನಡುವೆ ಸ್ಪಷ್ಟವಾದ ಹಂಚಿಕೆಯಿದೆ. ಹಣದ ದೊಡ್ಡ ಪಾಲು ಇಂಗ್ಲೆಂಡಿನ ಬೆಂಬಲಿಗರಿಂದ ಪಾಸ್ನೆಟ್ ಮೂಲಕ ಬಂದರೆ, ಕಲ್ಲು ಹೊತ್ತು, ಗಾರೆ ಅರೆದು, ಗೋಡೆ ಎಬ್ಬಿಸಿದ ಕೈಗಳು ಸುತ್ತಲಿನ ಹಳ್ಳಿಗಳವು. ಹಣ ದೂರದಿಂದ ಬಂದರೂ ಅದು ಸ್ಥಳೀಯರ ಹೊಟ್ಟೆಗೆ ಅನ್ನವಾಗಿ ಸೇರಿದ್ದರಿಂದ, ತಲೆಮಾರುಗಳ ನಂತರವೂ ಆ ಸೀಮೆಯ ಜನ ಆ ಕಟ್ಟಡದ ಚರಿತ್ರೆಯನ್ನು ತಮ್ಮ ಹಿರಿಯರ ದುಡಿಮೆಯ ಚರಿತ್ರೆಯಾಗಿ ಹೇಳಲು ಸಾಧ್ಯವಾಗಿದೆ. ಹೊರಗಿನ ಹಣವನ್ನು ಪಡೆಯುವ ಯಾವುದೇ ಭವನ ಸಮಿತಿಗೆ ಇದು ದಾರಿದೀಪವಾಗಬಲ್ಲ ಅಂಶ: ಗುತ್ತಿಗೆಯನ್ನು ನಗರದ ಕಂಪನಿಗೆ ಒಪ್ಪಿಸುವ ಬದಲು ಊರಿನ ಮೇಸ್ತ್ರಿಗಳಿಗೂ ಕೂಲಿಕಾರರಿಗೂ ಕೆಲಸ ಸಿಗುವಂತೆ ಯೋಜಿಸಿದರೆ, ದಾನದ ಹಣ ಊರಿನಲ್ಲೇ ಒಮ್ಮೆ ಸುತ್ತಿಬರುತ್ತದೆ.

ಡೋರ್ನಕಲ್: ಸ್ವಂತ ಕಾಣಿಕೆಯ ಛಲ

ಇನ್ನೊಂದು ಮಾದರಿ ತೆಲಂಗಾಣದ ಪೂರ್ವ ಭಾಗದ ರೈಲ್ವೆ ಜಂಕ್ಷನ್ ಆದ ಡೋರ್ನಕಲ್‌ನಲ್ಲಿದೆ. ತಿರುನೆಲ್ವೇಲಿ ಸೀಮೆಯ ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ 1912ರ ಡಿಸೆಂಬರ್‌ನಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ ಆಗಿ ಅಭಿಷಿಕ್ತರಾಗಿ ಡೋರ್ನಕಲ್ ಸಭಾಪ್ರಾಂತದ ಹೊಣೆ ಹೊತ್ತರು. ಅದಕ್ಕೂ ಮೊದಲು 1903ರಲ್ಲಿ ತಿರುನೆಲ್ವೇಲಿಯ ಭಾರತೀಯ ಮಿಷನರಿ ಸಂಘವನ್ನೂ 1905ರಲ್ಲಿ ರಾಷ್ಟ್ರೀಯ ಮಿಷನರಿ ಸಂಘವನ್ನೂ ಕಟ್ಟುವುದರಲ್ಲಿ ಮುಂದಾಗಿದ್ದ ಅವರು, ಸಭೆಯ ಕೆಲಸ ಭಾರತೀಯರ ಹಣದಿಂದ, ಭಾರತೀಯರ ಕೈಯಿಂದ, ಭಾರತೀಯರ ಮೇಲ್ವಿಚಾರಣೆಯಲ್ಲಿ ನಡೆಯಬೇಕೆಂಬ ನಿಲುವಿನವರು. ಕೊಡುವುದನ್ನು ಕುರಿತೇ ಅವರು ಪುಸ್ತಕವೊಂದನ್ನು ಬರೆದರು. ಕೂಲಿ ಮಾಡಿ ಬದುಕುವ ಹಳ್ಳಿಯ ಕ್ರೈಸ್ತನನ್ನು ಸದಾ ಪಡೆಯುವವನ ಸ್ಥಾನದಲ್ಲೇ ಇರಿಸುವುದು ಅವನ ಮರ್ಯಾದೆಗೆ ಕುಂದು ಎಂಬ ನಂಬಿಕೆ ಅವರ ಆಡಳಿತದಲ್ಲಿ ಕಾಣುತ್ತದೆ.

ಡೋರ್ನಕಲ್‌ನ ಎಪಿಫನಿ ಕೆಥೆಡ್ರಲ್ 1939ರ ಜನವರಿ 6ರಂದು, ಅಂದರೆ ಮೂವರು ಜ್ಞಾನಿಗಳು ಬಾಲಯೇಸುವನ್ನು ಕಂಡ ನೆನಪಿನ ಹಬ್ಬದಂದು, ಪ್ರತಿಷ್ಠಾಪನೆಗೊಂಡಿತು. ಗುಮ್ಮಟ, ಮಿನಾರುಗಳಂತಹ ಗೋಪುರಗಳು, ದೇವಸ್ಥಾನದ ಮಂಟಪವನ್ನು ನೆನಪಿಸುವ ಕಲ್ಲಿನ ಕಂಬಗಳು ಒಂದೇ ಕಟ್ಟಡದಲ್ಲಿ ಸೇರಿರುವುದರಿಂದ ಅದು ದಖ್ಖನಿನ ನೆಲದಲ್ಲೇ ಹುಟ್ಟಿದ ಚರ್ಚಾಗಿ ಕಾಣುತ್ತದೆ. ಯೋಜನೆ ಮೊದಲ ಮಹಾಯುದ್ಧದ ಹೊತ್ತಿಗೇ ಮೂಡಿದ್ದರೂ ಕಟ್ಟಡ ಮುಗಿಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಬೇಕಾಯಿತು. ಮೇದಕ್ ಮತ್ತು ಡೋರ್ನಕಲ್‌ಗಳನ್ನು ಜೊತೆಯಲ್ಲಿಟ್ಟು ನೋಡಿದಾಗ, ಹೊರಗಿನ ನೆರವು ವೇಗವನ್ನು ಕೊಡುತ್ತದೆ, ಒಳಗಿನ ಕಾಣಿಕೆ ಬೇರನ್ನು ಕೊಡುತ್ತದೆ ಎಂಬುದು ತಿಳಿಯುತ್ತದೆ. ಇಂದಿನ ಭವನಕ್ಕೆ ಎರಡೂ ಬೇಕು. ಆದರೆ ಮೊದಲ ರೂಪಾಯಿ ಊರಿನದೇ ಆಗಿರಬೇಕು, ಏಕೆಂದರೆ ತಾನೇ ಕೊಡದ ಊರು ಇತರರನ್ನು ಕೇಳುವ ನೈತಿಕ ಬಲವನ್ನು ಪಡೆಯುವುದಿಲ್ಲ.

ಕೈಯೊಡ್ಡುವ ಮೊದಲು ಆಗಬೇಕಾದದ್ದು

ಹಣ ಸಂಗ್ರಹಕ್ಕಿಂತ ಮೊದಲು ಜಾಗದ ಹಕ್ಕುಪತ್ರ ಸ್ಪಷ್ಟವಾಗಬೇಕು. ದಕ್ಷಿಣ ಭಾರತ ಸಭೆಯ ಆಸ್ತಿಗಳ ಒಡೆತನ ಸಾಮಾನ್ಯವಾಗಿ ಸ್ಥಳೀಯ ಸಭೆಯ ಹೆಸರಿನಲ್ಲಿ ಇರದೆ, 1947ರಲ್ಲಿ ನೋಂದಣಿಯಾದ ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಷನ್ ಎಂಬ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಆದ್ದರಿಂದ ಸಭಾಪಾಲಕರು ಮತ್ತು ಸ್ಥಳೀಯ ಸಮಿತಿ ಒಪ್ಪಿದ ಮಾತ್ರಕ್ಕೆ ಅಡಿಪಾಯ ತೋಡುವಂತಿಲ್ಲ. ಸಭಾಪ್ರಾಂತದ ಲಿಖಿತ ಅನುಮತಿಯೂ, ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿಯೂ ಬೇಕು. ಕೆಥೊಲಿಕ್ ಚರ್ಚುಗಳಲ್ಲಿ ಇದೇ ಅಧಿಕಾರ ಧರ್ಮಪ್ರಾಂತ್ಯದ ಬಿಷಪ್ಪರ ಬಳಿ ಇದ್ದು, 1983ರ ಕ್ಯಾನನ್ ಕಾನೂನು ಸಂಹಿತೆ, ಅಂದರೆ ಆ ಸಭೆಯ ಆಂತರಿಕ ನಿಯಮಾವಳಿ, ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು ಹೇಳುತ್ತದೆ. ಒಂದು ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆಂಬ ನಿಯಮವೂ ಅದೇ ಸಂಹಿತೆಯ 1267ನೇ ವಿಧಿಯಲ್ಲಿದೆ. ಈ ಕೊನೆಯ ತತ್ವ ಯಾವ ಪಂಥದ ಸಭೆಗಾದರೂ ಹೊಂದುತ್ತದೆ. ಭವನಕ್ಕೆಂದು ಬಂದ ಹಣವನ್ನು ಆಪತ್ತಿನ ಹೊತ್ತಿನಲ್ಲಿ ಬೇರೆ ಖರ್ಚಿಗೆ ತಿರುಗಿಸಿದರೆ ಮುಂದಿನ ಹತ್ತು ವರ್ಷ ಯಾವ ಮನೆಯ ಬಾಗಿಲನ್ನೂ ತಟ್ಟಲಾಗದು.

ಎರಡನೆಯ ಹೆಜ್ಜೆ ಅಂದಾಜು ಪಟ್ಟಿ. ಎಂಜಿನಿಯರ್ ಸಿದ್ಧಪಡಿಸುವ ಅಂದಾಜಿನಲ್ಲಿ ಗೋಡೆ, ಚಾವಣಿಗಳ ವೆಚ್ಚದ ಜೊತೆಗೆ ಗುತ್ತಿಗೆ ಕಾಮಗಾರಿಯ ಮೇಲಿನ ಶೇ 18ರ ಜಿಎಸ್‌ಟಿ, ವಿದ್ಯುತ್ ಸಂಪರ್ಕ, ಶೌಚಾಲಯ, ನೀರಿನ ತೊಟ್ಟಿ, ಅಡುಗೆಮನೆ, ಗಾಲಿಕುರ್ಚಿ ಏರಲು ಇಳಿಜಾರು, ಹಾಗೂ ಬೆಲೆ ಏರಿಕೆಗೆಂದು ತೆಗೆದಿಟ್ಟ ಮೊತ್ತ ಸೇರಿರಬೇಕು. ಇವನ್ನು ಬಿಟ್ಟು ಮಾಡಿದ ಅಂದಾಜು ಸಭೆಯಲ್ಲಿ ಕೇಳಲು ಹಗುರವಾಗಿರುತ್ತದೆ. ಆದರೆ ಅರ್ಧಕ್ಕೆ ನಿಂತ ಕಂಬಗಳ ತುದಿಯಲ್ಲಿ ಕಬ್ಬಿಣ ತುಕ್ಕು ಹಿಡಿಯುವ ಸ್ಥಿತಿಗೆ ಮೂಲ ಅಲ್ಲೇ ಇರುತ್ತದೆ. ಕೆಲಸವನ್ನು ಹಂತಗಳಾಗಿ ಒಡೆದು, ಪ್ರತಿ ಹಂತವೂ ಮುಗಿದಾಗ ಬಳಕೆಗೆ ಬರುವಂತೆ, ಅಂದರೆ ಮೊದಲು ಶೌಚಾಲಯ ಮತ್ತು ಚಾವಣಿಯುಳ್ಳ ತೆರೆದ ಪಡಸಾಲೆ, ನಂತರ ಗೋಡೆಗಳು, ಕೊನೆಗೆ ಮಹಡಿ ಎಂಬ ಕ್ರಮದಲ್ಲಿ ಯೋಜಿಸಿದರೆ, ಹಣ ತಡವಾದರೂ ಕೊಟ್ಟವರಿಗೆ ಫಲ ಕಣ್ಣಿಗೆ ಕಾಣುತ್ತದೆ.

ಹಳೆಯ ಗೋಡೆಗಳ ಹಕ್ಕು

ಐತಿಹಾಸಿಕ ಕಟ್ಟಡದ ಪಕ್ಕದಲ್ಲಿ ಕಟ್ಟುವಾಗ ಹೊಸ ಕಟ್ಟಡದಷ್ಟೇ ಹಳೆಯದರ ಕ್ಷೇಮಕ್ಕೂ ಹಣ ಮೀಸಲಿಡಬೇಕು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಾಗಿದ್ದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯವಾಗಿರುತ್ತದೆ. ತೆಲಂಗಾಣಕ್ಕೆ 2017ರ ಪರಂಪರೆ ಕಾಯ್ದೆಯೂ, ಕರ್ನಾಟಕಕ್ಕೆ 1961ರ ಸ್ಮಾರಕಗಳ ಕಾಯ್ದೆಯೂ ಇವೆ. ಆದರೆ ಹಳ್ಳಿಯ ಹೆಚ್ಚಿನ ಹಳೆಯ ಚರ್ಚುಗಳು ಯಾವ ಪಟ್ಟಿಯಲ್ಲೂ ಇಲ್ಲದಿರುವುದರಿಂದ ಅವುಗಳ ರಕ್ಷಣೆ ಪೂರ್ತಿಯಾಗಿ ಸಭೆಯವರ ವಿವೇಕದ ಮೇಲೆ ನಿಂತಿದೆ. ಪರಂಪರೆಯ ಸಂರಕ್ಷಣೆಗೆಂದು 1984ರಲ್ಲಿ ಸ್ಥಾಪನೆಯಾದ ಇಂಟ್ಯಾಕ್ ಸಂಸ್ಥೆಯ ಸ್ಥಳೀಯ ಘಟಕಗಳಿಂದ ತಾಂತ್ರಿಕ ಸಲಹೆ ಪಡೆಯುವುದು ಇಲ್ಲಿ ನೆರವಿಗೆ ಬರುತ್ತದೆ.

ಅಪಾಯಗಳು ನೆಲದಡಿಯಲ್ಲೇ ಮೊದಲಾಗುತ್ತವೆ. ಹಳೆಯ ಚರ್ಚಿನ ಗೋಡೆ ಕಲ್ಲು ಮತ್ತು ಸುಣ್ಣದ ಗಾರೆಯದಾಗಿದ್ದು, ಅದರ ಅಡಿಪಾಯ ಈಗಿನ ಕಾಲದ ಕಂಬದ ಗುಂಡಿಗಳಷ್ಟು ಆಳವಿಲ್ಲದಿರಬಹುದು. ಅದರ ಪಕ್ಕದಲ್ಲೇ ಆಳವಾದ ಗುಂಡಿ ತೋಡಿದರೆ ಬದಿಯ ಮಣ್ಣಿನ ಆಸರೆ ತಪ್ಪಿ ಗೋಡೆ ಕುಸಿಯತೊಡಗುತ್ತದೆ. ದಖ್ಖನಿನ ಎರೆಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವ ಗುಣದ್ದು. ಹೊಸ ಚಾವಣಿಯ ನೀರನ್ನು ಹಳೆಯ ಗೋಡೆಯ ಬುಡಕ್ಕೆ ಬಿಟ್ಟರೆ ಈ ಹಿಗ್ಗು ಕುಗ್ಗುಗಳು ಹೆಚ್ಚಿ ಬಿರುಕುಗಳು ಮೂಡುತ್ತವೆ. ಭವನದ ಕೆಲಸದಲ್ಲಿ ಮಿಕ್ಕ ಸಿಮೆಂಟಿನಿಂದ ಚರ್ಚಿಗೂ ಒಂದು ಕೈ ಗಿಲಾವು ಮಾಡಿಸುವ ರೂಢಿ ಇನ್ನೂ ಕೆಟ್ಟದ್ದು, ಏಕೆಂದರೆ ಸುಣ್ಣದ ಗೋಡೆ ಹೊರಬಿಡಬೇಕಾದ ತೇವವನ್ನು ಸಿಮೆಂಟಿನ ಪದರ ಒಳಗೇ ತಡೆದು ಕಲ್ಲನ್ನೂ ಗಾರೆಯನ್ನೂ ಪುಡಿಮಾಡುತ್ತದೆ. ಚರ್ಚಿನ ಅಂಗಳದಲ್ಲಿ ಹಳೆಯ ಸಮಾಧಿಗಳಿದ್ದರೆ ಅವುಗಳ ನಕ್ಷೆ ಮಾಡಿಸಿ, ಆ ಕುಟುಂಬಗಳ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬಾರದು. ಭವನದ ಎತ್ತರ ಚರ್ಚಿನ ಮಾಡಿಗಿಂತ ತಗ್ಗಿರುವುದು, ರಸ್ತೆಯಿಂದ ಬರುವವರಿಗೆ ಮೊದಲು ಚರ್ಚೇ ಕಾಣುವಂತೆ ಭವನ ಹಿಂದೆ ಅಥವಾ ಬದಿಯಲ್ಲಿ ನಿಲ್ಲುವುದು ಇವೆರಡೂ ಖರ್ಚಿಲ್ಲದೆ ಸಾಧಿಸಬಹುದಾದ ಗೌರವಗಳು.

ಊರಿನೊಳಗಿನ ಸಂಗ್ರಹ

ತೆಲುಗು ಮತ್ತು ಕನ್ನಡ ನಾಡಿನ ಚರ್ಚುಗಳಿಗೆ ಕೊಡುವ ಸಂಪ್ರದಾಯ ಹೊಸತಲ್ಲ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ತೆಗೆದಿಟ್ಟು ಭಾನುವಾರ ಚರ್ಚಿಗೆ ತರುವ ಹಿಡಿ ಅಕ್ಕಿಯ ಪದ್ಧತಿ, ಕೈಯಲ್ಲಿ ನಗದಿಲ್ಲದ ಹೆಣ್ಣುಮಕ್ಕಳನ್ನೂ ದಾನಿಗಳ ಸಾಲಿನಲ್ಲಿ ನಿಲ್ಲಿಸಿತು. ಇದೇ ಪದ್ಧತಿ ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯಲ್ಲಿ 20ನೇ ಶತಮಾನದ ಆರಂಭದಿಂದ ಬೆಳೆದು ಆ ಸಭೆಯ ಆದಾಯದ ಮುಖ್ಯ ಮೂಲಗಳಲ್ಲಿ ಒಂದಾಗಿದೆ. ಸುಗ್ಗಿಯ ಹಬ್ಬದಲ್ಲಿ ಮೊದಲ ಫಲ, ಕೋಳಿ, ಕುಂಬಳ, ಬಾಳೆಗೊನೆಗಳನ್ನು ತಂದು ಆರಾಧನೆಯ ನಂತರ ಹರಾಜು ಹಾಕುವ ರೂಢಿಯೂ ಹೀಗೆಯೇ ವ್ಯಾಪಕ. ಕರಾವಳಿ ಕರ್ನಾಟಕದ ಕೆಥೊಲಿಕ್ ಧರ್ಮಕೇಂದ್ರಗಳು ವಾಳೆಗಳಾಗಿ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪುಗಳಾಗಿ, ವಿಂಗಡಗೊಂಡಿದ್ದು, ಪ್ರತಿ ವಾಳೆಗೊಬ್ಬ ಗುರಿಕಾರರಿರುವುದರಿಂದ ಮನೆಮನೆಯ ಸಂಪರ್ಕಕ್ಕೆ ಸಿದ್ಧ ವ್ಯವಸ್ಥೆಯೇ ಇದೆ.

ಭವನದಂತಹ ದೊಡ್ಡ ಕೆಲಸಕ್ಕೆ ಈ ರೂಢಿಗಳ ಮೇಲೆ ವಾಗ್ದಾನದ ಕ್ರಮವನ್ನು ಕಟ್ಟಬೇಕು. ಪ್ರತಿ ಕುಟುಂಬವೂ ಎರಡು ಅಥವಾ ಮೂರು ವರ್ಷಗಳಲ್ಲಿ ಕಂತುಗಳಾಗಿ ಕೊಡಲು ಒಪ್ಪಿದ ಮೊತ್ತವನ್ನು ಕಾರ್ಡಿನಲ್ಲಿ ಬರೆದುಕೊಡುವುದೇ ವಾಗ್ದಾನ. ಇದರಿಂದ ಸಮಿತಿಗೆ ಯಾವ ತಿಂಗಳು ಎಷ್ಟು ಬರಬಹುದೆಂಬ ಅಂದಾಜು ಸಿಗುತ್ತದೆ. ಎಲ್ಲರಿಗೂ ಒಂದೇ ಮೊತ್ತದ ವಂತಿಗೆ ಹಾಕಿದರೆ ಕೂಲಿಕಾರನಿಗೆ ಹೊರೆಯಾಗುತ್ತದೆ, ಸರ್ಕಾರಿ ನೌಕರನಿಗೆ ಅದು ಏನೇನೂ ಅನ್ನಿಸುವುದಿಲ್ಲ. ಆದ್ದರಿಂದ ಆದಾಯಕ್ಕೆ ತಕ್ಕ ಹಂಚಿಕೆಯೂ, ಹಣದ ಬದಲಿಗೆ ದುಡಿಮೆಯ ದಿನಗಳನ್ನು ಕೊಡುವ ಅವಕಾಶವೂ ಇರಬೇಕು. ಮೇಸ್ತ್ರಿಯೊಬ್ಬ ಕೊಟ್ಟ ದಿನಗಳನ್ನು ಆ ದಿನದ ಕೂಲಿಯ ದರದಲ್ಲಿ ಲೆಕ್ಕಹಾಕಿ, ಅವನ ಹೆಸರನ್ನು ದಾನಿಗಳ ಫಲಕದಲ್ಲಿ ಹಣ ಕೊಟ್ಟವರ ಜೊತೆಯಲ್ಲೇ ಬರೆಯುವುದು ನ್ಯಾಯ. ಫಲಕದಲ್ಲಿ ಮೊತ್ತಗಳನ್ನು ನಮೂದಿಸದೆ ಹೆಸರುಗಳನ್ನಷ್ಟೇ ಅಕ್ಷರಕ್ರಮದಲ್ಲಿ ಕೆತ್ತಿಸಿದರೆ ಊರಿನ ಶ್ರೇಣಿಗಳು ಗೋಡೆಯ ಮೇಲೂ ಮರುಹುಟ್ಟು ಪಡೆಯುವುದು ತಪ್ಪುತ್ತದೆ.

ಒಂದು ಎಚ್ಚರಿಕೆಯ ಮಾತು ಇಲ್ಲಿ ಅಗತ್ಯ. ಹಬ್ಬದ ದಿನ ಟಿಕೆಟು ಮಾರಿ ಬಹುಮಾನ ಎತ್ತುವ ಲಕ್ಕಿ ಡ್ರಾ ಸುಲಭದ ದಾರಿಯಂತೆ ತೋರಿದರೂ, ಸರ್ಕಾರದ ಅಧಿಕಾರವಿಲ್ಲದೆ ಲಾಟರಿ ನಡೆಸುವುದು ಅಪರಾಧ. ಕರ್ನಾಟಕ 2007ರಲ್ಲೇ ಲಾಟರಿಯನ್ನು ನಿಷೇಧಿಸಿದೆ. ಒಳ್ಳೆಯ ಉದ್ದೇಶ ಕಾನೂನಿನ ಮುಂದೆ ರಕ್ಷಣೆಯಾಗುವುದಿಲ್ಲ.

ನಗರದ ಮತ್ತು ಹೊರನಾಡಿನ ದಾನ

ದಿಲ್‌ಸುಖ್‌ನಗರದಂತಹ ಬಡಾವಣೆಗಳಲ್ಲಿ ನೆಲೆಸಿರುವ ಊರಿನ ಮಕ್ಕಳು ಈ ಕೆಲಸದ ಎರಡನೆಯ ವಲಯ. ಅವರು ಊರಿಗೆ ಬರುವ ಕ್ರಿಸ್‌ಮಸ್, ಈಸ್ಟರ್ ದಿನಗಳಲ್ಲಿ ನಕ್ಷೆ, ಅಂದಾಜು, ಈವರೆಗಿನ ಲೆಕ್ಕ ಮೂರನ್ನೂ ಮುಂದಿಟ್ಟು ಕೇಳಿದರೆ ಕೊಡುವ ಮನಸ್ಸು ಬರುತ್ತದೆ. ಇಲ್ಲಿ ತೆರಿಗೆಯ ಪ್ರಶ್ನೆ ಎದುರಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ವಿಧಿ ಧರ್ಮಾರ್ಥ ಸಂಸ್ಥೆಗಳಿಗೆ ಕೊಟ್ಟ ದಾನದ ಮೇಲೆ ದಾನಿಗೆ ರಿಯಾಯಿತಿ ನೀಡುವ ಏರ್ಪಾಡು ಮಾಡಿತ್ತು. 2025ರ ಹೊಸ ಕಾಯ್ದೆಯಲ್ಲೂ ಈ ಏರ್ಪಾಡಿನ ತಿರುಳು ಮುಂದುವರಿದಿದೆ. ಆದರೆ ಒಂದು ನಿರ್ದಿಷ್ಟ ಧಾರ್ಮಿಕ ಸಮುದಾಯದ ಪ್ರಯೋಜನಕ್ಕೆ ಮಾತ್ರ ಮೀಸಲಾದ ಸಂಸ್ಥೆಗೆ ಈ ಮಾನ್ಯತೆ ದೊರೆಯುವುದಿಲ್ಲ. ಹೀಗಾಗಿ ಭವನವು ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದಿರುತ್ತದೆ ಎಂದು ಬರೆದಿಟ್ಟ ಪ್ರತ್ಯೇಕ ಟ್ರಸ್ಟ್ ಮಾಡಿ ನೋಂದಾಯಿಸುವುದು ಸೂಕ್ತ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ರಿಯಾಯಿತಿಯಿಲ್ಲ; ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೂ ಇದು ಅನ್ವಯಿಸುವುದಿಲ್ಲ. ಇತ್ತೀಚೆಗೆ ಬಹಳಷ್ಟು ನೌಕರರು ಹೊಸ ಪದ್ಧತಿಯಲ್ಲೇ ಇರುವುದರಿಂದ ರಿಯಾಯಿತಿಯ ಆಸೆಯೊಂದನ್ನೇ ಮುಂದಿಟ್ಟು ಕೇಳುವುದು ಫಲಕಾರಿಯಾಗದು. ಐತಿಹಾಸಿಕ ಮಹತ್ವದ ಚರ್ಚೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದರೆ ಅದರ ದುರಸ್ತಿಗೆ ಕೊಟ್ಟ ದಾನಕ್ಕೆ ಇದೇ ಏರ್ಪಾಡಿನಲ್ಲಿ ಬೇರೆಯಾದ ಅವಕಾಶವಿದೆ. ಆದ್ದರಿಂದ ಚರ್ಚಿನ ದುರಸ್ತಿ ನಿಧಿ ಮತ್ತು ಭವನದ ನಿಧಿಗಳನ್ನು ಬೇರೆ ಬೇರೆ ಖಾತೆಗಳಲ್ಲಿ ಇಡುವುದು ಒಳಿತು.

ವಿದೇಶದಿಂದ ಬರುವ ಹಣಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ನೋಂದಣಿಯಿಲ್ಲದ ಸಂಸ್ಥೆ ವಿದೇಶಿ ಮೂಲದ ಹಣ ಪಡೆಯಬೇಕಾದರೆ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಇಂತಹ ಹಣವೆಲ್ಲ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ 20ನ್ನು ಮೀರುವಂತಿಲ್ಲ. ಪಾಸ್ನೆಟ್‌ರ ಕಾಲದಂತೆ ಕಡಲಾಚೆಯ ಗೆಳೆಯರಿಂದ ನೇರವಾಗಿ ಹಣ ತರಿಸಿ ಕಟ್ಟುವ ದಾರಿ ಇಂದು ಹಳ್ಳಿಯ ಸಭೆಗೆ ಬಹುಪಾಲು ಮುಚ್ಚಿದೆ. ಆದರೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತ ಭಾರತದ ಪೌರತ್ವವನ್ನೇ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣವನ್ನು ವಿದೇಶಿ ದೇಣಿಗೆ ಎಂದು ಪರಿಗಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಭಾರತೀಯ ಮೂಲದವರಾದರೂ ಕೊಟ್ಟದ್ದು ವಿದೇಶಿ ದೇಣಿಗೆಯೇ. ಈ ವ್ಯತ್ಯಾಸವನ್ನು ಅರಿಯದೆ ಹಣ ಪಡೆದ ಸಮಿತಿ ತೊಂದರೆಗೆ ಸಿಲುಕುತ್ತದೆ.

ಸರ್ಕಾರ ಮತ್ತು ಕಂಪನಿಗಳ ನೆರವು

ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಲ್ಲಿ ಪ್ರತಿ ಸಂಸದರಿಗೂ ವರ್ಷಕ್ಕೆ 5 ಕೋಟಿ ರೂಪಾಯಿ ಇದ್ದು, ಸಮುದಾಯ ಭವನಗಳು ಅದರಲ್ಲಿ ಸೇರುತ್ತವೆ. ಆದರೆ ಆರಾಧನಾ ಸ್ಥಳದ ಒಳಗೆ ಅಥವಾ ಧಾರ್ಮಿಕ ಗುಂಪಿನ ಒಡೆತನದ ಜಾಗದಲ್ಲಿ ಆ ಹಣ ಬಳಸುವಂತಿಲ್ಲ. ಚರ್ಚಿನ ಬೇಲಿಯಾಚೆ ಪಂಚಾಯಿತಿ ಜಾಗದಲ್ಲಿ ಊರಿಗೆಲ್ಲ ಸೇರಿದ ಭವನವಾಗುವುದಾದರೆ ಮಾತ್ರ ಈ ದಾರಿ ತೆರೆದಿರುತ್ತದೆ, ಮತ್ತು ಆಗ ಅದರ ಒಡೆತನವೂ ಸಾರ್ವಜನಿಕವಾಗಿರುತ್ತದೆ. ಕರ್ನಾಟಕದಲ್ಲಿ ಕ್ರೈಸ್ತ ಸಮುದಾಯದ ಅಭಿವೃದ್ಧಿ ಯೋಜನೆಯಡಿ ಚರ್ಚುಗಳ ದುರಸ್ತಿಗೂ ಸಮುದಾಯ ಭವನಗಳಿಗೂ ಅಲ್ಪಸಂಖ್ಯಾತರ ಇಲಾಖೆಯ ಮೂಲಕ ಅನುದಾನ ಕೊಡುವ ಪದ್ಧತಿ ಬೆಳೆದಿದೆ. 2013ರ ಕಂಪನಿ ಕಾಯ್ದೆಯ 135ನೇ ವಿಧಿಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಅದರ ಏಳನೇ ಅನುಸೂಚಿಯಲ್ಲಿ ಶಿಕ್ಷಣ, ಕೌಶಲ ತರಬೇತಿ ಮತ್ತು ಐತಿಹಾಸಿಕ ಕಟ್ಟಡಗಳ ಸಂರಕ್ಷಣೆ ಇವೆ, ಧಾರ್ಮಿಕ ಚಟುವಟಿಕೆ ಇಲ್ಲ. ಆದ್ದರಿಂದ ಭವನದ ವಾಚನಾಲಯ ಅಥವಾ ಹೊಲಿಗೆ ತರಬೇತಿಯ ಕೋಣೆಗೆ ಮನವಿ ಸಲ್ಲಿಸುವುದು ಅರ್ಥಪೂರ್ಣ.

ಇಂಗ್ಲೆಂಡಿನಲ್ಲಿ 1994ರಲ್ಲಿ ಆರಂಭವಾದ ರಾಷ್ಟ್ರೀಯ ಲಾಟರಿಯ ಹಣದಲ್ಲಿ ಒಂದು ಪಾಲು ಪರಂಪರೆಯ ರಕ್ಷಣೆಗೆ ಮೀಸಲಾಗಿದ್ದು, ಮಧ್ಯಯುಗದ ಹಳ್ಳಿಯ ಚರ್ಚುಗಳಿಗೂ ಅದರಿಂದ ನೆರವು ಸಿಕ್ಕಿದೆ. ನ್ಯಾಷನಲ್ ಚರ್ಚಸ್ ಟ್ರಸ್ಟ್‌ನಂತಹ ಸಂಸ್ಥೆಗಳೂ ಅಲ್ಲಿವೆ. ಅಂತಹ ಮೀಸಲು ನಿಧಿ ಇಲ್ಲದ ನಾಡಿನಲ್ಲಿ ಹಣದ ಜೊತೆಗೆ ನಂಬಿಕೆಯನ್ನೂ ಊರೇ ಕೂಡಿಸಿಕೊಳ್ಳಬೇಕಾಗುತ್ತದೆ.

ಕಟ್ಟಿದ ಮೇಲೆ

ನಂಬಿಕೆ ನಿಲ್ಲುವುದು ಲೆಕ್ಕದ ಮೇಲೆ. ಭವನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಇಬ್ಬರ ಸಹಿಯಿಲ್ಲದೆ ಹಣ ತೆಗೆಯದ ನಿಯಮ, ಕ್ರಮಸಂಖ್ಯೆಯುಳ್ಳ ರಸೀದಿ ಪುಸ್ತಕ, ಪ್ರತಿ ತಿಂಗಳ ಆಯವ್ಯಯವನ್ನು ಚರ್ಚಿನ ಬಾಗಿಲ ಫಲಕದಲ್ಲಿ ಅಂಟಿಸುವುದು, ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಇವು ಸಣ್ಣ ಸಭೆಗೂ ಸಾಧ್ಯ. ಖರೀದಿ ಮತ್ತು ಗುತ್ತಿಗೆಯ ತೀರ್ಮಾನಗಳಲ್ಲಿ ಸಮಿತಿಯ ಸದಸ್ಯರ ಬಂಧುಗಳು ಇದ್ದರೆ ಆ ಸದಸ್ಯರು ಹೊರಗುಳಿಯಬೇಕು. ಸಮಿತಿಯಲ್ಲಿ ಹೆಂಗಸರೂ ಯುವಕರೂ ಇರದಿದ್ದರೆ ಅಡುಗೆಮನೆ ಕಿರಿದಾಗಿಯೂ ವೇದಿಕೆ ಅಗತ್ಯಕ್ಕಿಂತ ದೊಡ್ಡದಾಗಿಯೂ ಬರುವ ಸಂಭವ ಹೆಚ್ಚು.

ಕಟ್ಟುವ ಹಣಕ್ಕಿಂತ ನಡೆಸುವ ಹಣವನ್ನು ಕೂಡಿಸುವುದು ಕಷ್ಟ, ಏಕೆಂದರೆ ವಿದ್ಯುತ್ ಬಿಲ್ಲಿಗೂ ಕಸಪೊರಕೆಗೂ ಯಾರ ಹೆಸರನ್ನೂ ಕೆತ್ತಲಾಗದು. ಸಂಗ್ರಹದ ಒಂದು ಪಾಲನ್ನು ಮೂಲನಿಧಿಯಾಗಿ, ಅಂದರೆ ಅಸಲನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಬಳಸುವ ಠೇವಣಿಯಾಗಿ, ಮೊದಲೇ ತೆಗೆದಿಟ್ಟರೆ ಭವನ ಬಾಡಿಗೆಯ ಮೇಲೆ ಪೂರ್ತಿ ಅವಲಂಬಿಸುವುದಿಲ್ಲ. ನೋಂದಾಯಿತ ಧಾರ್ಮಿಕ ಅಥವಾ ಧರ್ಮಾರ್ಥ ಟ್ರಸ್ಟಿನ ಒಡೆತನದಲ್ಲಿದ್ದು ಸಾರ್ವಜನಿಕರಿಗೆ ತೆರೆದಿರುವ ಆರಾಧನಾ ಸ್ಥಳದ ಆವರಣದ ಭವನಕ್ಕೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ಹಳ್ಳಿಯ ದರಗಳಿಗೆ ಈ ಮಿತಿ ಸಾಕು. ಬಾಡಿಗೆಯ ನಿಯಮಗಳೂ ಬರಹದಲ್ಲಿರಬೇಕು: ಬಡ ಕುಟುಂಬಕ್ಕೆ ರಿಯಾಯಿತಿ, ಸಾವಿನ ಸಂದರ್ಭದಲ್ಲಿ ಉಚಿತ, ಆರಾಧನೆಯ ಹೊತ್ತಿನಲ್ಲಿ ಧ್ವನಿವರ್ಧಕಕ್ಕೆ ತಡೆ, ಅನ್ಯಧರ್ಮೀಯ ನೆರೆಹೊರೆಯವರಿಗೂ ಅದೇ ದರ.

ಈ ಕೊನೆಯ ನಿಯಮಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚಿನ ತೂಕವಿದೆ. ಚರ್ಚಿನ ಪಕ್ಕದ ಭವನದಲ್ಲಿ ಅಕ್ಕಪಕ್ಕದ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೂ ಕುಳಿತು ಓದಿದರೆ, ಲಸಿಕಾ ಶಿಬಿರಕ್ಕೂ ಸ್ವಸಹಾಯ ಸಂಘದ ಸಭೆಗೂ ಅದರ ಬಾಗಿಲು ತೆರೆದರೆ, ಹಳೆಯ ಚರ್ಚಿನ ಸುರಕ್ಷತೆಗೆ ಸಭೆಯವರ ಜೊತೆ ಇಡೀ ಊರೂ ಹೊಣೆಯಾಗುತ್ತದೆ. ಹಣ ಕೇಳುವಾಗ ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕು, ಕಟ್ಟಿದ ಮೇಲೆ ನಡೆದು ತೋರಿಸಬೇಕು. ಮೇದಕ್‌ನಲ್ಲಿ ಹಸಿದವರ ದುಡಿಮೆಯೂ ಡೋರ್ನಕಲ್‌ನಲ್ಲಿ ಬಡವರ ಕಾಣಿಕೆಯ ಮೇಲಿನ ವಿಶ್ವಾಸವೂ ಕಟ್ಟಡಗಳಿಗೆ ಆಯುಷ್ಯ ಕೊಟ್ಟಿರುವಾಗ, ಇಂದಿನ ಸಮಿತಿಗಳು ದೊಡ್ಡ ಚೆಕ್ಕಿಗಾಗಿ ಕಾಯುತ್ತ ಕೂರದೆ, ಊರಿನ ಕಡುಬಡವರ ಮನೆಯಿಂದಲೇ ವಾಗ್ದಾನದ ಕಾರ್ಡು ಬರೆಸಲು ಆರಂಭಿಸಿ, ಅದೇ ಮನೆಯವರಿಗೆ ಲೆಕ್ಕ ಕೇಳುವ ಹಕ್ಕನ್ನೂ ಭವನವನ್ನು ಬಳಸುವ ಹಕ್ಕನ್ನೂ ಬರಹದಲ್ಲಿ ಕೊಡಬೇಕು.